ಐದನೆಯ ಜೇಬು

ಕೌಲ್‌ಬಜಾರಿನ ಹಿಂದಿನ ಓಣಿ, ಎರಡನೇ ಮಹಡಿ,
ತಗಡಿನ ಸೂರಿನ ಕೆಳಗೆ ಹನ್ನೊಂದು ಮಶೀನು.
ನನ್ನ ಪಾಲಿಗೆ ಬಂದದ್ದು ಜೀನ್ಸ್ ಪ್ಯಾಂಟಿನ ಐದನೆಯ ಜೇಬು:
ಬಲಗಡೆಯ ದೊಡ್ಡ ಜೇಬಿನ ಬಾಯೊಳಗೆ
ಒಂದು ಸಣ್ಣದಿರುತ್ತದಲ್ಲ, ಎರಡೇ ಬೆರಳು ಹೋಗುವಂಥದು,
ಅದು.
ಜೇಬಿಗೆ ಎಪ್ಪತ್ತು ಪೈಸೆ. ದಿನಕ್ಕೆ ಐನೂರು.
ಹದಿನಾಲ್ಕು ವರ್ಷಕ್ಕೆ ಎಷ್ಟಾಯಿತೆಂದು
ಒಮ್ಮೆ ಲೆಕ್ಕಕ್ಕೆ ಕೂತು, ಹೆದರಿ, ಎದ್ದುಬಿಟ್ಟೆ.

ಮೂರು ಗಂಟೆಗೆ ಕರೆಂಟ್ ಹೋಗುತ್ತಿತ್ತು.
ಬಳ್ಳಾರಿಯ ಬೇಸಿಗೆಯಲ್ಲಿ ಮೂರು ಗಂಟೆಯೆಂದರೆ
ಕೋಟೆಗುಡ್ಡ ತನ್ನ ಮೈಕಾವನ್ನೆಲ್ಲ
ಊರಿನ ಮೇಲೆ ಹೊದಿಸುವ ಹೊತ್ತು.
ಹನ್ನೊಂದೂ ಮಶೀನು ಒಟ್ಟಿಗೆ ಸುಮ್ಮನಾದಾಗ
ಯಾರೋ ತೀರಿಕೊಂಡಂತೆ, ಒಂದು ಕ್ಷಣ.
ಆಮೇಲೆ ಪೇಪರಿನ ಮೇಲೆ ಒಗ್ಗಾಣಿ, ಮಿರ್ಚಿ.
ನೀಲಿ ಹತ್ತಿದ ಬೆರಳಲ್ಲೇ ತಿನ್ನುತ್ತ ಕೇಳುವುದು:
"ಇವತ್ತೇನು ಸಿಕ್ತು?"

ಈ ಆಟ ಶುರುಮಾಡಿದವಳು ಖಾಜಾಬಿ.
ಕಡಲಲ್ಲಿ ಎಂಟು ಕೈಯ ಪ್ರಾಣಿಯೊಂದಿದೆಯಂತೆ,
ಅರ್ಧಕ್ಕಿಂತ ಹೆಚ್ಚು ಬುದ್ಧಿ ಕೈಗಳಲ್ಲೇ ಅಂತೆ,
ತಲೆಯನ್ನು ಕೇಳದೆ ಕೈ ತಾನೇ ತಡಕುತ್ತದಂತೆ.
"ಅದ್ರಾಗೇನೈತಿ," ಎಂದಳು, "ನನ್ನ ಬಲಗಾಲು ನೋಡು.
ನಾ ಮಗಳ ಫೀಸಿನ ಚಿಂತ್ಯಾಗಿರ್ತೀನಿ,
ಅದು ತನ್ನ ಪಾಡಿಗೆ ಪೆಡಲ್ ಒತ್ತತಿರತೈತಿ."

ಕಟಿಂಗ್ ಮಾಸ್ಟರ್ ಎರ್ರಿಸ್ವಾಮಿ, ಏಳಕ್ಕೇ ಶಾಲೆ ಬಿಟ್ಟವನು,
ಒಂದು ದಿನ ನಮ್ಮನ್ನು ವಾಷಿಂಗ್ ಯೂನಿಟ್ಟಿನ ಬಯಲಿಗೆ ಕರೆದೊಯ್ದ.
ಗಜಕೋಲು ನೆಟ್ಟು ಅದರ ನೆರಳು ಅಳೆದ,
ಬಗ್ಗಿ ಬಗ್ಗಿ ಚಿಮಣಿಯ ನೆರಳು ಅಳೆದ,
ಸೀಮೆಸುಣ್ಣದಲ್ಲಿ ಅಂಗೈ ಮೇಲೆ ಗುಣಿಸಿ,
"ಅರವತ್ತೆರಡಡಿ!" ಎಂದು ಕೂಗಿದ.
"ಅರವತ್ತು," ಎಂದ ವಾಚ್‌ಮನ್, ಬೀಡಿ ತೆಗೆಯದೆ.
"ನಿಂದು ಯಾರೋ ಹೇಳಿದ್ದು. ನಂದು ನಾ ಕಂಡಿದ್ದು."
ಮೂರು ದಿನ ಆ ಕೈ ತೊಳೆಯಲಿಲ್ಲ ಅವನು.

ಹುಲಿಗೆಮ್ಮನಿಗೆ ಎಂದೂ ಏನೂ ಸಿಗುತ್ತಿರಲಿಲ್ಲ.
ಗೋಡೆಗೊರಗಿ ಕಣ್ಣು ಮುಚ್ಚುತ್ತಿದ್ದಳು; ನಿದ್ದೆಯೆಂದುಕೊಂಡಿದ್ದೆವು.
ಬಹಳ ಕಾಡಿದ ಮೇಲೆ ಹೇಳಿದಳು:
"ಮಶೀನು ನಿಂತ್ರೂ ಕಿವ್ಯಾಗ ಓಡತಿರತೈತಿ.
ಅದು ಖರೇನ ನಿಲ್ಲೋದು ಯಾವಾಗ ಅಂತ
ಕಾಯ್ತಿದ್ದೆ."
ನಿಂತಿತೇ? ಎಂದೆ.
"ಒಮ್ಮೆ. ನೀವೆಲ್ಲ ಚಿಮಣಿ ಅಳೆಯಾಕ ಹೋಗಿದ್ರಿ."

ನನ್ನ ಸರದಿಗೆ ನಾನು ತಂದದ್ದು ಈ ಜೇಬನ್ನೇ.
ಒಂದು ಕಾಲದಲ್ಲಿ ಇದರೊಳಗೆ
ಸರಪಳಿ ಕಟ್ಟಿದ ದುಂಡು ಗಡಿಯಾರ ಇಡುತ್ತಿದ್ದರಂತೆ.
ಗಡಿಯಾರ ಮಣಿಕಟ್ಟಿಗೆ ಹೋಯಿತು, ಅಲ್ಲಿಂದ ಫೋನಿಗೆ,
ಜೇಬಿಗೆ ಮಾತ್ರ ಯಾರೂ ಸುದ್ದಿ ಮುಟ್ಟಿಸಲಿಲ್ಲ.
ಖಾಜಾಬಿ ನಕ್ಕಳು: "ಅಂದ್ರ ಹದಿನಾಲ್ಕು ವರ್ಷದಿಂದ
ಇಲ್ಲದ ಗಡಿಯಾರಕ್ಕ ಮನಿ ಕಟ್ಟಾಕತ್ತೀಯಲ್ಲೋ!"
ಎಲ್ಲರೂ ನಕ್ಕರು. ನಾನೂ.
ಆದರೆ ಆ ಸಂಜೆ ನಾನೂರ ಅರವತ್ತಕ್ಕೇ ಕೈ ನಿಂತಿತು.
ಮಾಲೀಕ ಕೇಳಿದ. ಕರೆಂಟ್ ಇರಲಿಲ್ಲವಲ್ಲ, ಎಂದೆ.

ಸೋಮವಾರ ಜನರೇಟರ್ ಬಂತು.
ಪೂಜೆಯಾಯಿತು, ತಲೆಗೊಂದು ಪೇಡೆ.
ಮೂರು ಗಂಟೆಗೆ ಒಂದು ಸಲ ಕಣ್ಣು ಮಿಟುಕಿಸಿ
ಬಲ್ಬು ಮತ್ತೆ ಹತ್ತಿಕೊಂಡಿತು.
ಒಗ್ಗಾಣಿಯ ಹುಡುಗ ಬಾಗಿಲಲ್ಲಿ ನಿಂತು, ನಿಂತು, ಹೋದ.

ಈಗ ಕತ್ತರಿಸಿದ ಬಟ್ಟೆಯ ಕಟ್ಟು ಬರುತ್ತದೆ.
ಮೇಲೆ ಸೈಜಿನ ನಂಬರು. ಯಾವುದೋ ಒಂದು ತುಂಡಿನ ಒಳಮೈಗೆ
ಎರ್ರಿಸ್ವಾಮಿಯ ಸೀಮೆಸುಣ್ಣ, ಒಂದೇ ಸಾಲು.
ಓದಿ, ಒಳಗೆ ಮಡಚಿ, ಹೊಲಿದು, ಖಾಜಾಬಿಗೆ ದಾಟಿಸುವೆ;
ಅವಳು ಬೆರಳು ತೂರಿಸಿ ಮಗುಚಿ ಓದಿಕೊಂಡು ಮುಂದಕ್ಕೆ.
ಆಮೇಲೆ ಕಲ್ಲು, ಬ್ಲೀಚು, ಬಿಸಿನೀರು.
ಅಲ್ಲಿ ಯಾವ ಅಕ್ಷರವೂ ಉಳಿಯುವುದಿಲ್ಲ.

ನಿನ್ನೆಯದು: ಜೇನಿಗೆ ಸೊನ್ನೆ ಗೊತ್ತು.

ಹಾಗೆಂದರೇನು, ಕೇಳೋಣವೆಂದರೆ
ಎರ್ರಿಸ್ವಾಮಿ ಆ ತುದಿಗೆ, ನಡುವೆ ಜನರೇಟರಿನ ಗುಡುಗು.
ಕೈ ಎತ್ತಿ ಬೆರಳಲ್ಲಿ ಸೊನ್ನೆ ಮಾಡಿ ತೋರಿಸಿದೆ.
ಚಹಾಕ್ಕೆ ಕರೆದೆನೆಂದುಕೊಂಡನೋ ಏನೋ,
ತಲೆಯಾಡಿಸಿದ.
ಮನೆಗೆ ಹೋಗುವ ತನಕ ನನ್ನ ಬಲಗಾಲು
ಅದನ್ನೇ ಯೋಚಿಸುತ್ತಿತ್ತು.